ಓದುಗರ ಪ್ರಶ್ನೆ: ಸಂಬಳ ಯೂನಿವರ್ಸಿಟೀದು, ಕೂರೋದು ಕಂಪನೀಲಿ

ಹೋದ ತಿಂಗಳು ಕ್ಯಾಂಪಸ್ ಇಂಟರ್‌ವ್ಯೂ ಬಗ್ಗೆ ಬರೆದಿದ್ದಕ್ಕೆ ತುಂಬಾ ಪತ್ರ ಬಂದ್ವು, ಅದರಲ್ಲಿ ಐದು ಪತ್ರ ಒಂದೇ ವಿಷಯಕ್ಕೆ ಸೇರಿದ್ದು, ಕಾಲೇಜಿಗೂ ಕಂಪನಿಗೂ ಮಧ್ಯೆ ನಿಂತು ಮಾಡೋ ಡೇಟಾ ಸೈನ್ಸ್ ಕೆಲಸದ ಬಗ್ಗೆ, ಅಂದ್ರೆ ಅಂಕಿಅಂಶ ಜಾಲಾಡಿ ಉಪಯೋಗಕ್ಕೆ ಬರೋ ಉತ್ತರ ತೆಗೆಯೋ ಕೆಲಸ. ನಾನೂ ಇಂಥ ಕೆಲಸದಿಂದಲೇ ಶುರು ಮಾಡಿದೋಳು, ಹಾಗಾಗಿ ಈ ಸಲ ಉಳಿದ ಪ್ರಶ್ನೆಗಳನ್ನ ಪಕ್ಕಕ್ಕಿಟ್ಟು ಇವಕ್ಕೇ ಉತ್ತರ ಬರೀತಿದೀನಿ. ಹೆಸರು ಹಾಕಬೇಡಿ ಅಂತ ಕೇಳಿರೋದ್ರಿಂದ ಊರಿನ ಯಾವ ಕಡೆಯವರು ಅಂತಷ್ಟೇ ಹಾಕಿದೀನಿ.

ಪ್ರಶ್ನೆ: ನಮಸ್ಕಾರ ಮೇಡಂ, ನಾನು ಬ್ಯಾಂಕಲ್ಲಿದ್ದು ರಿಟೈರ್ ಆದೋನು. ಮಗಳು ಇಲ್ಲಿ ಬಿಎಸ್ಸಿ ಮುಗಿಸಿ ಇಂಗ್ಲೆಂಡಲ್ಲಿ ಡೇಟಾ ಸೈನ್ಸ್ ಎಂಎಸ್ಸಿ ಮಾಡಿದಳು, ಈಗ ಓದಾದ್ಮೇಲೆ ಕೊಡೋ ಗ್ರಾಜುಯೇಟ್ ವೀಸಾ ಮೇಲೆ ಅಲ್ಲೇ ಇದ್ದಾಳೆ. ಒಂದು ಯೂನಿವರ್ಸಿಟಿಯಿಂದ ಕೆಟಿಪಿ ಅಸೋಸಿಯೇಟ್ ಅಂತ ಎರಡು ವರ್ಷದ ಆಫರ್ ಬಂದಿದೆ. ಸಂಬಳ ಕೊಡೋದು ಯೂನಿವರ್ಸಿಟಿಯಂತೆ, ದಿನಾ ಹೋಗೋದು ಮಾತ್ರ ಬ್ರೆಡ್ಡು ಬನ್ನು ಮಾಡೋ ಒಂದು ಕಂಪನಿಗಂತೆ. ಇದು ಓದಾ ಕೆಲಸಾನಾ ನನಗೆ ಅರ್ಥ ಆಗ್ತಿಲ್ಲ. ಎರಡು ದೋಣಿ ಮೇಲೆ ಕಾಲಿಟ್ಟ ಹಾಗೆ ಆಗಲ್ವಾ? ಎರಡು ವರ್ಷ ಆದ್ಮೇಲೆ ಏನು? ಎಜುಕೇಶನ್ ಲೋನ್ ಇನ್ನೂ ತೀರಿಲ್ಲ, ಆ ಚಿಂತೆ ಬೇರೆ. (ರಾಜಾಜಿನಗರದಿಂದ)

ಉತ್ತರ: ಸಾರ್, ಮೊದಲು ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ, ಇದು ಕೆಲಸನೇ. ಅಪಾಯಿಂಟ್‌ಮೆಂಟ್ ಲೆಟರ್ ಇರತ್ತೆ, ತಿಂಗಳ ಸಂಬಳ ಇರತ್ತೆ, ರಜೆ ಇರತ್ತೆ, ನೆಂಟರಿಗೆ ಧೈರ್ಯವಾಗಿ ಮಗಳಿಗೆ ಕೆಲಸ ಸಿಕ್ಕಿದೆ ಅಂತ ಹೇಳಿ.

ಕೆಟಿಪಿ ಅಂದ್ರೆ ನಾಲೆಡ್ಜ್ ಟ್ರಾನ್ಸ್‌ಫರ್ ಪಾರ್ಟ್‌ನರ್‌ಶಿಪ್. ಬ್ರಿಟನ್ ಸರ್ಕಾರದ ಇನ್ನೋವೇಟ್ ಯುಕೆ ಅನ್ನೋ ಸಂಸ್ಥೆ ಇದನ್ನ ನಡೆಸತ್ತೆ. 2003ರಿಂದ ಈ ಹೆಸರಲ್ಲಿದೆ, ಅದಕ್ಕೂ ಮುಂಚೆ 1975ರಿಂದ ಟೀಚಿಂಗ್ ಕಂಪನಿ ಸ್ಕೀಮ್ ಅಂತ ಇತ್ತು, ಅಂದ್ರೆ ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಆ ಹಳೇ ಹೆಸರೇ ನಿಮಗೆ ಅರ್ಥ ಮಾಡಿಸತ್ತೆ ನೋಡಿ. ಟೀಚಿಂಗ್ ಹಾಸ್ಪಿಟಲ್ ಇದ್ದ ಹಾಗೆ ಟೀಚಿಂಗ್ ಕಂಪನಿ. ನಮ್ಮ ವಿಕ್ಟೋರಿಯಾ ಆಸ್ಪತ್ರೆನ ನೆನಪು ಮಾಡ್ಕೊಳ್ಳಿ, ಬೆಂಗಳೂರು ಮೆಡಿಕಲ್ ಕಾಲೇಜಿನ ಹುಡುಗರು ಕೆಲಸ ಕಲಿಯೋದು ಅಲ್ಲಿನ ವಾರ್ಡಲ್ಲಿ, ಪೇಷಂಟ್ ಪಕ್ಕದಲ್ಲಿ ನಿಂತು, ಹಿಂದೆ ಪ್ರೊಫೆಸರ್ ಇರ್ತಾರೆ, ಮುಂದೆ ನಿಜವಾದ ಕಾಯಿಲೆ ಇರತ್ತೆ, ಆ ಕಲಿಕೆ ಬರೀ ಕ್ಲಾಸ್ ರೂಮಲ್ಲಿ ಕೂತ್ರೆ ಬರಲ್ಲ. ಫ್ಯಾಕ್ಟರಿನೂ ಹಾಗೇ ಕಲಿಯೋ ಜಾಗ ಆಗ್ಬೇಕು ಅನ್ನೋದೇ ಇದರ ಹಿಂದಿನ ಯೋಚನೆ.

ಇದರಲ್ಲಿ ಮೂರು ಜನ. ಕಂಪನಿ ಒಂದು, ಯೂನಿವರ್ಸಿಟಿ ಒಂದು, ಮಧ್ಯದಲ್ಲಿ ನಿಮ್ಮ ಮಗಳು. ಕಂಪನಿಗೆ ಒಂದು ಸಮಸ್ಯೆ ಇರತ್ತೆ, ಬ್ರೆಡ್ ಕಂಪನಿ ಅಂದ್ರಲ್ಲ, ಬಹುಶಃ ನಾಳೆ ಯಾವ ಅಂಗಡಿಗೆ ಎಷ್ಟು ಬ್ರೆಡ್ ಹೋಗಬೇಕು ಅನ್ನೋ ಲೆಕ್ಕ ಇರಬಹುದು, ಜಾಸ್ತಿ ಕಳಿಸಿದ್ರೆ ವಾಪಸ್ ಬರತ್ತೆ, ಕಮ್ಮಿ ಕಳಿಸಿದ್ರೆ ವ್ಯಾಪಾರ ಹೋಗತ್ತೆ. ಆ ಸಮಸ್ಯೆ ಬಿಡಿಸೋ ವಿದ್ಯೆ ಯೂನಿವರ್ಸಿಟೀಲಿ ಇರತ್ತೆ. ಎರಡೂ ಕಡೆಯವರು ಸೇರಿ ಪ್ರಾಜೆಕ್ಟ್ ಬರೆದು ಸರ್ಕಾರಕ್ಕೆ ಕೊಡ್ತಾರೆ, ಮಂಜೂರಾದ ಮೇಲೆ ಅಸೋಸಿಯೇಟ್‌ನ ತಗೋತಾರೆ. ಒಂದು ವರ್ಷದಿಂದ ಮೂರು ವರ್ಷದವರೆಗೂ ಪ್ರಾಜೆಕ್ಟ್ ಇರತ್ತೆ. ಖರ್ಚಲ್ಲಿ ಸಣ್ಣ ಮಧ್ಯಮ ಕಂಪನಿ ಆದ್ರೆ ಸುಮಾರು ಮೂರನೇ ಒಂದು ಭಾಗ ಹಾಕತ್ತೆ, ದೊಡ್ಡ ಕಂಪನಿ ಆದ್ರೆ ಅರ್ಧ, ಮಿಕ್ಕಿದ್ದು ಗ್ರಾಂಟ್. ಕಂಪನಿ ತನ್ನ ಜೇಬಿಂದಲೂ ದುಡ್ಡು ಹಾಕಿರತ್ತೆ ಅನ್ನೋದು ಮುಖ್ಯ, ದುಡ್ಡು ಹಾಕಿದೋರು ಕೆಲಸ ಏನಾಯ್ತು ಅಂತ ಕೇಳ್ತಾರೆ.

ನಿಮ್ಮ ಮಗಳಿಗೆ ಕಂಪನಿ ಕಡೆ ಒಬ್ಬ ಸೂಪರ್‌ವೈಸರ್ ಇರ್ತಾರೆ, ಯೂನಿವರ್ಸಿಟಿ ಕಡೆ ಒಬ್ಬ ಪ್ರೊಫೆಸರ್ ವಾರಕ್ಕೆ ಸುಮಾರು ಅರ್ಧ ದಿನ ಇವಳ ಪ್ರಾಜೆಕ್ಟಿಗೇ ಕೊಡಬೇಕು, ಅದು ಲೆಕ್ಕದಲ್ಲೇ ಬರೆದಿರೋದು. ಇವಳ ಕೆಲಸದ ಸಮಯದಲ್ಲಿ ಹತ್ತನೇ ಒಂದು ಭಾಗ ಇವಳ ಕಲಿಕೆಗೆ ಮೀಸಲು, ಕೋರ್ಸಿಗೆ ಬಜೆಟ್ ಬೇರೆ ಇರತ್ತೆ. ಕೆಲವು ತಿಂಗಳಿಗೊಮ್ಮೆ ಮೂರೂ ಕಡೆಯವರು ಒಂದೇ ಟೇಬಲ್ ಮುಂದೆ ಕೂತು ಪ್ರಾಜೆಕ್ಟ್ ಎಲ್ಲಿಗೆ ಬಂತು ಅಂತ ನೋಡ್ತಾರೆ, ಆ ಮೀಟಿಂಗಲ್ಲಿ ಮಾತಾಡಬೇಕಾದೋಳು ನಿಮ್ಮ ಮಗಳು. ಇಪ್ಪತ್ತನಾಲ್ಕು ಇಪ್ಪತ್ತೈದು ವಯಸ್ಸಿಗೆ ಕಂಪನಿ ಡೈರೆಕ್ಟರ್ ಮುಂದೆ ಕೂತು ಇದು ಆಗಲ್ಲ ಇದು ಆಗತ್ತೆ ಅಂತ ಹೇಳೋ ಅವಕಾಶ ಬೇರೆ ಯಾವ ಮೊದಲನೇ ಕೆಲಸದಲ್ಲೂ ಸುಲಭಕ್ಕೆ ಸಿಗಲ್ಲ ಸಾರ್. ಎರಡು ದೋಣಿ ಅಂದ್ರಲ್ಲ, ಎರಡೂ ದೋಣಿಯವರು ಮೊದಲೇ ಮಾತಾಡ್ಕೊಂಡು ಹಗ್ಗ ಕಟ್ಟಿದ್ರೆ ಭಯ ಇಲ್ಲ, ಆ ಹಗ್ಗ ಗಟ್ಟಿ ಇದ್ಯಾ ಅಂತ ನೋಡೋದಷ್ಟೇ ಕೆಲಸ.

ಹೇಗೆ ನೋಡೋದು? ಸಹಿ ಹಾಕೋ ಮುಂಚೆ ಪ್ರಾಜೆಕ್ಟ್ ಪ್ಲಾನ್ ತೋರಿಸಿ ಅಂತ ಕೇಳೋಕೆ ಹೇಳಿ, ಅದು ಬರೆದಾಗಿರತ್ತೆ, ಗ್ರಾಂಟ್ ಬಂದಿರೋದೇ ಅದರ ಮೇಲೆ. ಕಂಪನಿ ಸೂಪರ್‌ವೈಸರ್ ಯಾರು, ಅವರ ಜೊತೆ ಒಂದರ್ಧ ಗಂಟೆ ಮಾತಾಡೋಕೆ ಆಗತ್ತಾ ಅಂತಲೂ ಕೇಳ್ಲಿ. ಮಾತಾಡಿದಾಗ ಡೇಟಾ ಈಗ ಎಲ್ಲಿದೆ, ಯಾರು ತುಂಬ್ತಾರೆ, ನನಗೆ ಮೊದಲನೇ ವಾರ ಸಿಗತ್ತಾ ಅನ್ನೋದೊಂದನ್ನ ಬಿಡದೆ ಕೇಳ್ಬೇಕು. ಇದಕ್ಕೆ ಸರಿಯಾದ ಉತ್ತರ ಬಂದ್ರೆ ಕಂಪನಿ ತಯಾರಾಗಿದೆ ಅಂತ ಅರ್ಥ.

ಈಗ ನಿಮಗೆ ನಿಜವಾಗ್ಲೂ ತಲೆಗೆ ಹಾಕ್ಕೋಬೇಕಾದ ವಿಷಯ ವೀಸಾ, ಇದನ್ನ ಮಾತ್ರ ನಿಧಾನಕ್ಕೆ ಓದಿ. ಗ್ರಾಜುಯೇಟ್ ವೀಸಾಲಿ ಯಾರ ಸ್ಪಾನ್ಸರ್‌ಶಿಪ್ಪೂ ಬೇಡ, ಅದರ ಮೇಲೆ ಕೆಟಿಪಿ ಕೆಲಸ ಮಾಡಬಹುದು. ಆದ್ರೆ ಅದನ್ನ ಮುಂದುವರಿಸೋಕೆ ಆಗಲ್ಲ. ಅವಳ ವೀಸಾ ಇನ್ನು ಹದಿನೆಂಟು ತಿಂಗಳಿದ್ದು ಪ್ರಾಜೆಕ್ಟ್ ಇಪ್ಪತ್ನಾಲ್ಕು ತಿಂಗಳಿದ್ರೆ, ಮಧ್ಯದಲ್ಲಿ ಸ್ಕಿಲ್ಡ್ ವರ್ಕರ್ ವೀಸಾಗೆ, ಅಂದ್ರೆ ಕೆಲಸ ಕೊಡೋರು ಸ್ಪಾನ್ಸರ್ ಮಾಡೋ ವೀಸಾಗೆ, ಬದಲಾಯಿಸಲೇಬೇಕು. ಅದಕ್ಕೆ ಸಂಬಳ ಕನಿಷ್ಠ ಇಷ್ಟಿರಬೇಕು ಅಂತ ಇದೆ, 2025ರ ಜುಲೈನಲ್ಲಿ ಅದನ್ನ ವರ್ಷಕ್ಕೆ 41,700 ಪೌಂಡಿಗೆ ಏರಿಸಿದ್ರು, ಓದು ಮುಗಿಸಿ ಹೊಸದಾಗಿ ಬರೋರಿಗೆ 33,400, ಜೊತೆಗೆ ಆ ಹುದ್ದೆಗೆ ಅಂತ ಸರ್ಕಾರ ನಿಗದಿ ಮಾಡಿರೋ ರೇಟು ಇನ್ನೂ ಜಾಸ್ತಿ ಇದ್ರೆ ಅದನ್ನೇ ಹಿಡೀತಾರೆ. ಈ ಅಂಕಿ ಬದಲಾಗ್ತಾನೇ ಇರತ್ತೆ, ಅಪ್ಲೈ ಮಾಡೋ ದಿನ ಬ್ರಿಟನ್ ಸರ್ಕಾರದ ವೆಬ್‌ಸೈಟಲ್ಲೇ ನೋಡ್ಬೇಕು, ಏಜೆಂಟ್ ಮಾತು ಕೇಳಿ ಕೂರಬಾರದು.

ಜನ ಎಡವೋದು ಇದರ ಮುಂದಿನ ಹೆಜ್ಜೇಲಿ. ಪ್ರಾಜೆಕ್ಟ್ ನಡೀತಿರೋವಾಗ ಅವಳು ಯೂನಿವರ್ಸಿಟಿ ನೌಕರಳು, ಹಾಗಾಗಿ ಸ್ಪಾನ್ಸರ್ ಮಾಡೋದೂ ಯೂನಿವರ್ಸಿಟಿ, ಅದಕ್ಕೆ ಬೇಕಾದ ಸರ್ಕಾರದ ಲೈಸೆನ್ಸ್ ಅವರ ಹತ್ರ ಇದ್ದೇ ಇರತ್ತೆ. ಎರಡು ವರ್ಷ ಆದ್ಮೇಲೆ ಕಂಪನಿಯವರು ಖುಷಿಯಾಗಿ ನಮ್ಮಲ್ಲೇ ಇರಮ್ಮ ಅಂತಾರೆ, ಕೆಟಿಪೀಲಿ ಹಾಗೆ ಉಳಿಸ್ಕೊಳ್ಳೋದು ಸಾಮಾನ್ಯ, ಆದ್ರೆ ಆಗ ಸ್ಪಾನ್ಸರ್ ಲೈಸೆನ್ಸ್ ಇರಬೇಕಾಗಿದ್ದು ಕಂಪನಿ ಹತ್ರ. ಸಣ್ಣ ಬ್ರೆಡ್ ಕಂಪನಿ ಹತ್ರ ಅದು ಇರತ್ತೆ ಅಂತ ಹೇಳಕ್ಕಾಗಲ್ಲ. ತಗೋಬಹುದು, ಕಷ್ಟ ಏನಲ್ಲ, ಆದ್ರೆ ಕೊನೇ ತಿಂಗಳಲ್ಲಿ ಕೇಳಿದ್ರೆ ಆಗಲ್ಲ. ಮೊದಲನೇ ವರ್ಷ ಮುಗಿಯೋ ಮೀಟಿಂಗಲ್ಲೇ ಬಾಯಿಬಿಟ್ಟು ಕೇಳೋಕೆ ಹೇಳಿ. ಕೇಳೋಕೆ ಸಂಕೋಚ ಪಡ್ತಾಳೆ, ನಮ್ಮ ಕಡೆ ಹೆಣ್ಣುಮಕ್ಕಳು ಇಂಥ ಮಾತು ಎತ್ತೋದೇ ಕಮ್ಮಿ, ನೀವು ಫೋನಲ್ಲಿ ನೆನಪಿಸಿ. ಇನ್ನೊಂದು, ಗ್ರಾಜುಯೇಟ್ ವೀಸಾಲಿ ಕಳೆದ ಸಮಯ ಸ್ಕಿಲ್ಡ್ ವರ್ಕರ್ ದಾರೀಲಿ ಅಲ್ಲಿ ಕಾಯಂ ಆಗೋ ಲೆಕ್ಕಕ್ಕೆ ಸೇರಲ್ಲ, ಅಲ್ಲೇ ಉಳಿಯೋ ಮನಸ್ಸಿದ್ರೆ ಸ್ಕಿಲ್ಡ್ ವರ್ಕರ್‌ಗೆ ಬೇಗ ಬದಲಾಯಿಸಿದಷ್ಟೂ ಒಳ್ಳೇದು. ಲೋನ್ ವಿಷಯಕ್ಕೆ, ಸಂಬಳ ಶುರುವಾದ ತಿಂಗಳಿಂದಲೇ ಅವಳ ಕೈಲೇ ಕಂತು ಕಟ್ಟಿಸಿ ಸಾರ್, ಬ್ಯಾಂಕಲ್ಲಿದ್ದೋರಿಗೆ ಬಡ್ಡಿ ಹೇಗೆ ಬೆಳೆಯತ್ತೆ ಅಂತ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ಅಕ್ಕಾ, ನಾನು ಈ ವರ್ಷ ಸ್ಟ್ಯಾಟಿಸ್ಟಿಕ್ಸ್ ಎಂಎಸ್ಸಿ ಮುಗಿಸ್ತಿದೀನಿ. ಫಾರಿನ್‌ಗೆ ಹೋಗೋ ಶಕ್ತಿ ನಮ್ಮನೇಲಿ ಇಲ್ಲ. ಕಾಲೇಜು ಕಂಪನಿ ಎರಡಕ್ಕೂ ಸೇರಿದ ಕೆಲಸ ಬೆಂಗಳೂರಲ್ಲಿ ಇದ್ಯಾ? (ವಿಜಯನಗರದಿಂದ)

ಉತ್ತರ: ಬ್ರಿಟನ್‌ದ ಅದೇ ಅಚ್ಚಲ್ಲಿ ಹುಡುಕಿದ್ರೆ ಸಿಗಲ್ಲಮ್ಮ, ಆದ್ರೆ ಬಿಡಿಬಿಡಿಯಾಗಿ ಇದೆ, ಹೆಸರು ಬೇರೆ ಅಷ್ಟೇ. ಹುಡುಕಬೇಕಾದ ಪದ ಪ್ರಾಜೆಕ್ಟ್ ಅಸೋಸಿಯೇಟ್. ಐಐಎಸ್ಸಿ, ಎಲೆಕ್ಟ್ರಾನಿಕ್ ಸಿಟಿಲಿರೋ ಟ್ರಿಪಲ್ ಐಟಿ, ಮೈಸೂರು ರಸ್ತೇಲಿರೋ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಇವುಗಳ ವೆಬ್‌ಸೈಟಲ್ಲಿ ಆಗಾಗ ನೋಟಿಸ್ ಹಾಕ್ತಾರೆ, ಪ್ರೊಫೆಸರ್‌ಗಳ ಲ್ಯಾಬ್ ಪೇಜಲ್ಲಿ ಅದಕ್ಕಿಂತ ಮುಂಚೆನೇ ಬರೋದೂ ಉಂಟು. ಐಐಎಸ್ಸಿ ಶುರುವಾಗಿದ್ದೇ 1909ರಲ್ಲಿ ಒಬ್ಬ ಉದ್ಯಮಿ, ಜೆಮ್ಶೆಡ್‌ಜಿ ಟಾಟಾ ಅವರ ಕನಸಿಂದ, ಮೈಸೂರು ಅರಸರು ಜಾಗ ಕೊಟ್ಟಿದ್ರಿಂದ, ಹಾಗಾಗಿ ಉದ್ಯಮದ ಜೊತೆ ಕೆಲಸ ಮಾಡೋದು ಅಲ್ಲಿ ಹೊಸದಲ್ಲ. ಕಂಪನಿಗಳ ಜೊತೆ ಪ್ರಾಜೆಕ್ಟ್ ನಡೆಸೋಕೆ ಅಂತಲೇ 1991ರಲ್ಲಿ ಎಸ್ಐಡಿ ಅನ್ನೋ ಸೊಸೈಟಿ ಮಾಡ್ಕೊಂಡ್ರು. ಕಂಪನಿ ದುಡ್ಡಲ್ಲಿ ನಡೆಯೋ ಪ್ರಾಜೆಕ್ಟಿಗೆ ನೀನು ಸೇರಿದ್ರೆ ಅದು ಹೆಚ್ಚುಕಮ್ಮಿ ನೀನು ಕೇಳ್ತಿರೋ ಕೆಲಸವೇ.

ವ್ಯತ್ಯಾಸ ಏನು ಅಂದ್ರೆ, ಇಲ್ಲಿ ನೀನು ಕೂರೋದು ಸಾಮಾನ್ಯವಾಗಿ ಲ್ಯಾಬಲ್ಲಿ. ಕಂಪನಿಯವರು ಒಂದು ಫೈಲ್ ಕಳಿಸ್ತಾರೆ, ನೀನು ಮಾಡೆಲ್, ಅಂದ್ರೆ ಡೇಟಾ ಮೇಲೆ ಅಂದಾಜು ಹಾಕೋ ಲೆಕ್ಕ, ಮಾಡಿ ಕಳಿಸ್ತೀಯ, ಆ ಫೈಲ್ ಹುಟ್ಟಿದ ಜಾಗನ ನೋಡಿರೋದೇ ಇಲ್ಲ. ಇದು ಆಗಬಾರದು. ಇಂಟರ್‌ವ್ಯೂಲೇ ಕೇಳು, ನಾನು ಕಂಪನಿ ಜಾಗಕ್ಕೆ ವಾರಕ್ಕೆ ಒಂದೆರಡು ದಿನ ಹೋಗಬಹುದಾ ಅಂತ. ಹೋಗೋಕೆ ಬಿಡೋ ಪ್ರೊಫೆಸರ್ ಸಿಕ್ಕಿದ್ರೆ ಸಂಬಳ ಸ್ವಲ್ಪ ಕಮ್ಮಿ ಆದ್ರೂ ಅಲ್ಲೇ ಸೇರು ಅಂತ ನಾನು ಹೇಳ್ತೀನಿ. ಕಾಂಟ್ರ್ಯಾಕ್ಟ್ ಎಷ್ಟು ತಿಂಗಳಿಗೆ, ಮುಂದುವರಿಸೋದು ಯಾರ ಕೈಲಿದೆ ಅನ್ನೋದನ್ನೂ ಬರಹದಲ್ಲಿ ಇಸ್ಕೋ, ಪ್ರಾಜೆಕ್ಟ್ ದುಡ್ಡು ನಿಂತ್ರೆ ಕೆಲಸನೂ ನಿಲ್ಲತ್ತೆ.

ಇನ್ನೊಂದು ದಾರಿ ಅಪ್ರೆಂಟಿಸ್‌ಶಿಪ್. ನ್ಯಾಟ್ಸ್ ಅಂತಾರೆ, ನ್ಯಾಷನಲ್ ಅಪ್ರೆಂಟಿಸ್‌ಶಿಪ್ ಟ್ರೈನಿಂಗ್ ಸ್ಕೀಮ್, 1961ರ ಅಪ್ರೆಂಟಿಸ್ ಕಾಯ್ದೆ ಕೆಳಗೆ ಬರತ್ತೆ, ಡಿಗ್ರಿ ಆದೋರಿಗೆ ಒಂದು ವರ್ಷ, ಕನಿಷ್ಠ ಸ್ಟೈಪೆಂಡಲ್ಲಿ ಅರ್ಧನ ಕೇಂದ್ರ ಸರ್ಕಾರ ಕೊಡತ್ತೆ. ದುಡ್ಡು ಕಮ್ಮಿ, ಆದ್ರೆ ಎಷ್ಟೋ ಸಣ್ಣ ಕಂಪನಿಗಳಿಗೆ ಈ ಅರ್ಧ ದುಡ್ಡು ಬರೋ ವಿಷಯವೇ ಗೊತ್ತಿರಲ್ಲ, ನೀನೇ ಹೋಗಿ ಹೇಳಿದ್ರೆ ಬಾಗಿಲು ತೆಗೆಯೋದುಂಟು. ಮುಂದೆ ಎಲ್ಲಾದ್ರೂ ಕಂಪನಿ ಸೇರಿ ಕೆಲಸ ಮಾಡ್ತಾನೇ ಪಿಎಚ್‌ಡಿ ಮಾಡ್ಬೇಕು ಅನ್ಸಿದ್ರೆ ಐಐಎಸ್ಸಿಲಿ ಎಕ್ಸ್‌ಟರ್ನಲ್ ರಿಜಿಸ್ಟ್ರೇಷನ್ ಅನ್ನೋ ವ್ಯವಸ್ಥೆ ಇದೆ, ಕೆಲಸ ಬಿಡದೆ ಕಂಪನಿಯ ಒಪ್ಪಿಗೆ ಪಡೆದು ಸೇರಬಹುದು.

ಪ್ರಶ್ನೆ: ಮೇಡಂ, ಪೀಣ್ಯದಲ್ಲಿ ನಮ್ಮದು ಸಣ್ಣ ಮಷೀನ್ ಶಾಪ್, ನಲವತ್ತು ಜನ. ಒಂದು ಇಂಜಿನಿಯರಿಂಗ್ ಕಾಲೇಜಿನ ಜೊತೆ ಸೇರಿ ಡೇಟಾ ಸೈನ್ಸ್ ಹುಡುಗನ್ನ ತಗೊಂಡ್ವಿ, ರಿಜೆಕ್ಷನ್ ಕಮ್ಮಿ ಮಾಡೋಕೆ, ಅಂದ್ರೆ ಕೆಟ್ಟು ಪಕ್ಕಕ್ಕೆ ಹೋಗೋ ಪೀಸ್‌ಗಳನ್ನ. ಆರು ತಿಂಗಳಾಯ್ತು, ಕಂಪ್ಯೂಟರಲ್ಲಿ ಅಂಕಿ ಗ್ರಾಫ್ ತೋರಿಸೋ ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ಬಂದಿದೆ, ರಿಜೆಕ್ಷನ್ ಹಾಗೇ ಇದೆ. ಹುಡುಗ ಬುದ್ಧಿವಂತ, ಮೋಸಗಾರ ಅಲ್ಲ. ತಪ್ಪು ಎಲ್ಲಿದೆ? (ಪೀಣ್ಯದಿಂದ)

ಉತ್ತರ: ನಿಮ್ಮ ಪತ್ರ ಓದಿ ನನಗೆ ನನ್ನ ಮೊದಲನೇ ಕೆಲಸ ಕಣ್ಣ ಮುಂದೆ ಬಂತು, ಅದನ್ನೇ ಹೇಳ್ತೀನಿ, ನಿಮ್ಮ ಉತ್ತರ ಅದರಲ್ಲೇ ಇದೆ.

ಎಂಎಸ್ಸಿ ಆದ್ಮೇಲೆ ನಾನೂ ಇಂಥದೇ ಒಂದು ಪ್ರಾಜೆಕ್ಟಿಗೆ ಸೇರಿದ್ದೆ, ಕಾಲೇಜಿಂದ ಸಂಬಳ, ತುಮಕೂರು ರಸ್ತೆ ಕಡೆಯ ಒಂದು ಕಾರ್ಖಾನೆಯ ಡೇಟಾ. ಮೂರು ಶಿಫ್ಟ್, ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕತ್ತರಿಸೋ ಸಿಎನ್‌ಸಿ ಮಷೀನ್‌ಗಳು, ಯಾವ ಪೀಸ್ ಯಾಕೆ ರಿಜೆಕ್ಟ್ ಆಗತ್ತೆ ಅಂತ ಕಂಡುಹಿಡಿಯಬೇಕು. ನಾಲ್ಕು ತಿಂಗಳು ಕಾಲೇಜಲ್ಲಿ ಕೂತು ಎಕ್ಸೆಲ್ ಫೈಲ್ ತಿರುವಿ ಮಾಡೆಲ್ ಮಾಡಿದೆ. ಮಾಡೆಲ್ ಚೆನ್ನಾಗಿಯೇ ಬಂತು, ಟೆಸ್ಟ್ ಮಾಡಿದ್ರೂ ಉತ್ತರ ಸರಿಯಾಗೇ ಬರ್ತಿತ್ತು. ಅದು ಹೇಳಿದ್ದು ಏನು ಅಂದ್ರೆ ನೈಟ್ ಶಿಫ್ಟಲ್ಲಿ ರಿಜೆಕ್ಷನ್ ತೀರಾ ಕಮ್ಮಿ, ಬೆಳಗಿನ ಶಿಫ್ಟಲ್ಲಿ ಜಾಸ್ತಿ. ರಾತ್ರಿ ತಂಪಿರತ್ತೆ, ಕರೆಂಟ್ ವೋಲ್ಟೇಜ್ ಸ್ಥಿರ ಇರತ್ತೆ ಅಂತ ನಾನೇ ಕಾರಣನೂ ಕಟ್ಟಿದೆ, ಸ್ಲೈಡಲ್ಲಿ ಹಾಕಿದೆ, ಪ್ರೊಫೆಸರ್ ಒಪ್ಪಿದ್ರು. ಕಾರ್ಖಾನೇಲಿ ತೋರಿಸಿದಾಗ ಮ್ಯಾನೇಜರ್ ಬೆಳಗಿನ ಶಿಫ್ಟ್‌ನವರನ್ನ ಕರೆದು ಜೋರು ಮಾಡೋಕೆ ಹೊರಟ್ರು. ಅವತ್ತು ಬಾಗಿಲ ಹತ್ರ ನಿಂತಿದ್ದ ಒಬ್ಬರು ವಯಸ್ಸಾದ ಆಪರೇಟರ್ ನನ್ನ ಕಡೆ ನೋಡಿ, ಮೇಡಂ ಒಂದು ರಾತ್ರಿ ಬನ್ನಿ, ಕೆಂಪು ಡಬ್ಬಿ ನೋಡೋರಂತೆ ಅಂದ್ರು, ಅಷ್ಟೇ.

ಅಣ್ಣನ್ನ ಜೊತೆಗೆ ಕರ್ಕೊಂಡು ರಾತ್ರಿ ಹತ್ತೂವರೆಗೆ ಹೋದೆ. ಪ್ರತಿ ಮಷೀನ್ ಪಕ್ಕ ಒಂದು ಕೆಂಪು ಬಣ್ಣದ ಕ್ರೇಟು, ಅನುಮಾನ ಇರೋ ಪೀಸ್‌ಗಳನ್ನ ಆಪರೇಟರ್ ಅದಕ್ಕೆ ಹಾಕ್ತಾರೆ. ಬೆಳಗಿನ ಜಾವಕ್ಕೆ ಎರಡು ಕ್ರೇಟು ಅರ್ಧ ತುಂಬಿತ್ತು. ಯಾರೂ ಎಣಿಸಲಿಲ್ಲ, ಯಾಕಂದ್ರೆ ರಾತ್ರಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಇಲ್ಲ. ಬೆಳಿಗ್ಗೆ ಎಂಟಕ್ಕೆ ಅವರು ಬಂದ್ರು, ಕ್ರೇಟು ಖಾಲಿ ಮಾಡಿ, ಮೈಕ್ರೋಮೀಟರ್ ಹಿಡಿದು ಅಳೆದು, ರಿಜೆಕ್ಟ್ ಅಂತ ರಿಜಿಸ್ಟರಲ್ಲಿ ಬರೆದ್ರು, ಮೊದಲನೇ ಶಿಫ್ಟ್ ಕಾಲಮ್ಮಲ್ಲಿ. ರಾತ್ರಿ ಕೆಟ್ಟಿದ್ದೆಲ್ಲ ಬೆಳಗಿನ ಲೆಕ್ಕಕ್ಕೆ. ನನ್ನ ಮಾಡೆಲ್ ಮಷೀನ್ ಬಗ್ಗೆ ಏನೂ ಕಲಿತಿರಲಿಲ್ಲ, ಇನ್ಸ್‌ಪೆಕ್ಟರ್ ಎಷ್ಟು ಹೊತ್ತಿಗೆ ಡ್ಯೂಟಿಗೆ ಬರ್ತಾರೆ ಅನ್ನೋದನ್ನ ಚೆನ್ನಾಗಿ ಕಲಿತಿತ್ತು. ತಪ್ಪು ಮಾಡದ ಬೆಳಗಿನವರು ನನ್ನ ಸ್ಲೈಡಿಂದ ಬೈಸ್ಕೊಳ್ತಿದ್ರಲ್ಲ, ಅದು ಇವತ್ತಿಗೂ ನನ್ನ ಮನಸ್ಸಲ್ಲಿ ಚುಚ್ಚತ್ತೆ.

ಅದೇ ರಿಜಿಸ್ಟರಲ್ಲಿ ಇನ್ನೊಂದು ಸಿಕ್ತು. ಯಾವ ಇನ್ಸರ್ಟ್ (ಲೋಹ ಕತ್ತರಿಸೋ ಪುಟ್ಟ ಬಿಲ್ಲೆ, ಒಂದು ಅಂಚು ಸವೆದ್ರೆ ತಿರುಗಿಸಿ ಹಾಕೋದು) ಹಾಕಿದ್ರು ಅನ್ನೋ ಕಾಲಮ್ಮಲ್ಲಿ ಆಪರೇಟರ್‌ಗಳು ಮೊದಲನೇ ಸಾಲಲ್ಲಿ ನಂಬರ್ ಬರೆದು ಕೆಳಗಡೆ ಎರಡು ಗೀಟು ಹಾಕ್ಕೊಂಡು ಹೋಗ್ತಿದ್ರು, ಮೇಲಿನದೇ ಅಂತ ಅರ್ಥ, ನಾವೆಲ್ಲ ಸ್ಕೂಲಲ್ಲಿ ಹಾಕ್ತಿದ್ವಲ್ಲ ಹಾಗೆ. ಅದನ್ನ ಕಂಪ್ಯೂಟರಿಗೆ ಹಾಕೋ ಹುಡುಗಿಗೆ ಯಾರೂ ಹೇಳಿಲ್ಲ, ಅವಳು ಖಾಲಿ ಬಿಟ್ಟಿದ್ಲು. ನಾನು ಖಾಲಿ ಇರೋ ಸಾಲೆಲ್ಲ ತೆಗೆದುಹಾಕಿದ್ದೆ. ಅಂದ್ರೆ ಇನ್ಸರ್ಟ್ ಹೊಸದಾಗಿ ಹಾಕಿದ ಸಾಲು ಮಾತ್ರ ನನ್ನ ಹತ್ರ ಉಳಿದಿತ್ತು, ಸವೆದ ಇನ್ಸರ್ಟಲ್ಲಿ ಓಡಿಸಿದ ಸಾಲೆಲ್ಲ ಹೋಗಿತ್ತು. ರಿಜೆಕ್ಷನ್ ಹುಟ್ತಿದ್ದೇ ಅಲ್ಲಿ! ಶಿಫ್ಟ್ ಸರಿಮಾಡಿ, ಗೀಟು ಇದ್ದಲ್ಲೆಲ್ಲ ನಂಬರ್ ತುಂಬಿಸಿ ಮತ್ತೆ ನೋಡಿದಾಗ ಅಂಥ ದೊಡ್ಡ ಮಾಡೆಲ್ ಏನೂ ಬೇಕಾಗಲಿಲ್ಲ, ಒಂದು ಸಾದಾ ಗ್ರಾಫಲ್ಲೇ ಕಾಣ್ತು, ಇಷ್ಟು ಪೀಸ್ ಆದ್ಮೇಲೆ ಇನ್ಸರ್ಟ್ ತಿರುಗಿಸಬೇಕು, ಅವರು ತಿರುಗಿಸ್ತಿರಲಿಲ್ಲ.

ನಿಮ್ಮ ಹುಡುಗ ಕೂರೋದು ಎಲ್ಲಿ ಅಂತ ನೀವು ಬರೆದಿಲ್ಲ. ನನ್ನ ಅಂದಾಜು, ಆಫೀಸ್ ರೂಮಲ್ಲಿ ಎಸಿ ಕೆಳಗೆ, ಇಲ್ಲ ಕಾಲೇಜಲ್ಲಿ. ನಾಳೆಯಿಂದ ಅವನ ಟೇಬಲ್ ಶಾಪ್ ಫ್ಲೋರಿಗೆ ಹಾಕ್ಸಿ. ಎರಡು ವಾರ ಕೋಡ್ ಬರೀಬೇಡ ಅಂತ ಹೇಳಿ, ಒಂದೊಂದು ಶಿಫ್ಟಲ್ಲಿ ಆಪರೇಟರ್ ಜೊತೆ ನಿಲ್ಲಲಿ, ಜಾಬ್ ಕಾರ್ಡ್ ತುಂಬೋವಾಗ ಪಕ್ಕದಲ್ಲಿರಲಿ, ಟೀ ಬ್ರೇಕಲ್ಲಿ ಅವರ ಜೊತೆನೇ ಟೀ ಕುಡೀಲಿ. ಮಾತು ಬರೋದು ಅಲ್ಲೇ. ಆಪರೇಟರ್‌ಗಳಿಗೂ ನೀವೇ ಖುದ್ದಾಗಿ ಹೇಳ್ಬೇಕು, ಇವನು ನಿಮ್ಮ ಮೇಲೆ ಕಣ್ಣಿಡೋಕೆ ಬಂದಿಲ್ಲ, ನೀವು ಹೇಳಿದ್ದು ಯಾರಿಗೂ ಪನಿಶ್‌ಮೆಂಟ್ ಆಗಲ್ಲ ಅಂತ. ಈ ಮಾತು ಮಾಲೀಕರ ಬಾಯಿಂದ ಬಂದಿಲ್ಲ ಅಂದ್ರೆ ರಿಜಿಸ್ಟರಲ್ಲಿ ನಿಜ ಬರೆಯೋರು ಯಾರೂ ಇಲ್ಲ, ಆಮೇಲೆ ಎಷ್ಟು ಒಳ್ಳೇ ಹುಡುಗ ಬಂದ್ರೂ ಅಷ್ಟೇ.

ಕಾಲೇಜಿನ ಪ್ರೊಫೆಸರ್ ಎಷ್ಟು ಸಲ ನಿಮ್ಮ ಶಾಪಿಗೆ ಬಂದಿದ್ದಾರೆ? ಉದ್ಘಾಟನೆಗೆ ಒಂದು ಸಲ ಬಂದು ಫೋಟೋ ತೆಗೆಸ್ಕೊಂಡು ಹೋಗಿದ್ರೆ ಸಾಲಲ್ಲ. ಮೇಲೆ ಬ್ರಿಟನ್ ವ್ಯವಸ್ಥೆ ಬಗ್ಗೆ ಬರೆದ್ನಲ್ಲ, ವಾರಕ್ಕೆ ಅರ್ಧ ದಿನ ಅಂತ, ನೀವು ಹದಿನೈದು ದಿನಕ್ಕೆ ಅರ್ಧ ದಿನ ಕೇಳಿ, ಒಪ್ಪಂದದ ಕಾಗದದಲ್ಲೇ ಬರೆಸಿ. ಹುಡುಗನ್ನ ಒಬ್ಬನೇ ಬಿಟ್ರೆ ಅವನು ತನಗೆ ಗೊತ್ತಿರೋದನ್ನ ಮಾಡ್ತಾನೆ, ಅವನಿಗೆ ಗೊತ್ತಿರೋದು ಡ್ಯಾಶ್‌ಬೋರ್ಡ್. ಜೊತೆಗೆ, ನಿಮ್ಮ ಪೀಣ್ಯದ ಹತ್ರಾನೇ ತುಮಕೂರು ರಸ್ತೇಲಿ ಸಿಎಂಟಿಐ ಇದೆ, ಮಷೀನ್ ಟೂಲ್‌ಗೆ ಅಂತಲೇ 1962ರಿಂದ ಇರೋ ಕೇಂದ್ರ ಸರ್ಕಾರದ ಸಂಸ್ಥೆ, ಅಳತೆ, ಟೆಸ್ಟಿಂಗ್, ಟ್ರೈನಿಂಗ್‌ಗೆ ಅಲ್ಲಿ ಕೇಳಬಹುದು. ಐಐಎಸ್ಸಿಲೂ ಸಮರ್ಥ್ ಉದ್ಯೋಗ್ ಅನ್ನೋ ಕೇಂದ್ರದ ಯೋಜನೆ ಕೆಳಗೆ ಸ್ಮಾರ್ಟ್ ಫ್ಯಾಕ್ಟರಿ ಕೆಲಸ ನಡೆದಿದೆ. ಹುಡುಗನ್ನ ಬಿಡಿಸಬೇಡಿ ಸಾರ್, ಬುದ್ಧಿವಂತ, ಮೋಸಗಾರ ಅಲ್ಲ ಅಂತ ನೀವೇ ಬರೆದಿದೀರ.

ಪ್ರಶ್ನೆ: ಇಂಥ ಕೆಲಸದ ಇಂಟರ್‌ವ್ಯೂಗೆ ಏನು ಓದ್ಕೋಬೇಕು? ಎಐ ಎಲ್ಲಾ ಮಾಡತ್ತೆ ಅಂತಾರಲ್ಲ, ಪೈಥಾನ್ ಪ್ರೋಗ್ರಾಮಿಂಗ್ ಇನ್ನೂ ಬೇಕಾ? (ಜಯನಗರದಿಂದ)

ಉತ್ತರ: ಪೈಥಾನ್ ಬೇಕು, ಅದಕ್ಕಿಂತ ಜಾಸ್ತಿ ಎಸ್‌ಕ್ಯೂಎಲ್ ಬೇಕು, ಯಾಕಂದ್ರೆ ಕಂಪನಿ ಡೇಟಾ ಇರೋದು ಡೇಟಾಬೇಸ್ ಟೇಬಲ್‌ಗಳಲ್ಲಿ, ಅದರಿಂದ ಬೇಕಾದ್ದನ್ನ ತೆಗೆಯೋ ಭಾಷೆ ಅದು. ಎಕ್ಸೆಲ್‌ನ ಕೀಳಾಗಿ ನೋಡಬೇಡಿ. ಸ್ಟ್ಯಾಟಿಸ್ಟಿಕ್ಸಲ್ಲಿ ಸ್ಯಾಂಪ್ಲಿಂಗ್, ರಿಗ್ರೆಶನ್, ಎಕ್ಸ್‌ಪೆರಿಮೆಂಟ್ ಡಿಸೈನ್ ಇಷ್ಟನ್ನ ಗಟ್ಟಿ ಮಾಡ್ಕೊಳ್ಳಿ. ಕೋಡ್ ಬರೆಯೋಕೆ ಎಐ ಸಹಾಯ ತಗೊಳ್ಳಿ, ತಪ್ಪಿಲ್ಲ, ಆದ್ರೆ ಮೇಲೆ ಹೇಳಿದ ಕೆಂಪು ಕ್ರೇಟು ಯಾವ ಫೈಲಲ್ಲೂ ಇರಲಿಲ್ಲ, ಫೈಲಲ್ಲಿ ಇಲ್ಲದ್ದು ಎಐಗೂ ಕಾಣಲ್ಲ. ಇಂಟರ್‌ವ್ಯೂಲಿ ಯಾವುದಾದ್ರೂ ಒಂದು ಪ್ರಾಜೆಕ್ಟಲ್ಲಿ ಡೇಟಾ ತಪ್ಪಿತ್ತು ಅಂತ ನೀವು ಹೇಗೆ ಕಂಡುಹಿಡಿದ್ರಿ ಅನ್ನೋದನ್ನ ಹೇಳೋಕೆ ತಯಾರಿರಿ. ಬೆಂಗಳೂರಿನ ಕಾರ್ಖಾನೆ ಕೆಲಸ ಆದ್ರೆ ಕನ್ನಡ ಬರತ್ತೆ ಅಂತ ರೆಸ್ಯೂಮೆಲಿ ಮೇಲ್ಗಡೆ ಬರೀರಿ, ಆಪರೇಟರ್ ಜೊತೆ ಅವರ ಮಾತಲ್ಲೇ ಮಾತಾಡೋಕೆ ಬರೋದು ದೊಡ್ಡ ಕೌಶಲ್ಯ, ಅದನ್ನ ಯಾವ ಕೋರ್ಸಲ್ಲೂ ಕೊಡಲ್ಲ.

ಪ್ರಶ್ನೆ: ನಾನು ಒಂದು ರೀಟೇಲ್ ಕಂಪನಿ ಡೇಟಾ ಮೇಲೆ ಪ್ರಾಜೆಕ್ಟ್ ಅಸೋಸಿಯೇಟ್. ನನ್ನ ಗೈಡ್ ರಿಸರ್ಚ್ ಪೇಪರ್ ಬರಿ ಅಂತಾರೆ, ಕಂಪನಿಯವರು ಏನೂ ಹೊರಗೆ ಹೋಗಬಾರದು ಅಂತಾರೆ. ಗ್ರಾಹಕರ ಫೋನ್ ನಂಬರೆಲ್ಲ ಇರೋ ಫೈಲ್ ನನ್ನ ಸ್ವಂತ ಲ್ಯಾಪ್‌ಟಾಪಲ್ಲೇ ಇದೆ. ನಾನೇನ್ ಮಾಡ್ಲಿ? (ಯಲಹಂಕದಿಂದ)

ಉತ್ತರ: ಪೇಪರ್ ವಿಷಯ ಆಮೇಲೆ, ಮೊದಲು ಆ ಫೈಲ್ ವಿಷಯ. ಕಂಪನಿಗೆ ಇವತ್ತೇ ಮೇಲ್ ಹಾಕಿ, ಫೋನ್ ನಂಬರ್ ಇರೋ ಫೈಲ್ ನನ್ನ ಸ್ವಂತ ಲ್ಯಾಪ್‌ಟಾಪಲ್ಲಿದೆ, ನಿಮ್ಮ ಸರ್ವರಲ್ಲಿ ಕೆಲಸ ಮಾಡೋಕೆ ಲಾಗಿನ್ ಕೊಡಿ, ಇದನ್ನ ಅಳಿಸ್ತೀನಿ ಅಂತ. ಉತ್ತರ ಬಂದ್ಮೇಲೆ ಅಳಿಸಿ, ಅಳಿಸಿದ್ದನ್ನೂ ಬರೆದು ತಿಳಿಸಿ. 2023ರಲ್ಲಿ ನಮ್ಮಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆಗೆ ಅಂತಲೇ ಕಾಯ್ದೆ ಆಗಿದೆ, ಕಾಯ್ದೆ ಮಾತು ಪಕ್ಕಕ್ಕಿರಲಿ, ಅಂಗಡಿಗೆ ಬಂದು ನಂಬರ್ ಕೊಟ್ಟ ಜನ ಅದು ನಿಮ್ಮ ಬ್ಯಾಗಲ್ಲಿ ಮೆಟ್ರೋದಲ್ಲಿ ಓಡಾಡತ್ತೆ ಅಂತ ಅಂದ್ಕೊಂಡು ಕೊಟ್ಟಿಲ್ಲ. ನಿಮ್ಮ ಮಾಡೆಲಿಗೆ ಫೋನ್ ನಂಬರ್ ಬೇಡವೇ ಬೇಡ, ಅದರ ಜಾಗಕ್ಕೆ ಒಂದು ಕೋಡ್ ನಂಬರ್ ಹಾಕಿಸ್ಕೊಂಡು ಫೈಲ್ ತಗೊಳ್ಳಿ.

ಪೇಪರ್ ಬಗ್ಗೆ ನೀವು ಮಧ್ಯದಲ್ಲಿ ನಿಂತು ಇಬ್ಬರ ಹತ್ರಾನೂ ಬೈಸ್ಕೋಬೇಡಿ, ಅದು ನೀವು ಬಗೆಹರಿಸೋ ಜಗಳ ಅಲ್ಲ. ಕಾಲೇಜು ಕಂಪನಿ ಮಧ್ಯೆ ಆಗಿರೋ ಒಪ್ಪಂದ ಓದೋಕೆ ಕೇಳಿ, ಪಬ್ಲಿಕೇಶನ್ ಅಂತ ಒಂದು ಪ್ಯಾರಾ ಇರತ್ತೆ. ಇಲ್ಲದಿದ್ರೆ ಗೈಡ್‌ನೂ ಕಂಪನಿಯವರನ್ನೂ ಒಂದೇ ಮೇಲಲ್ಲಿ ಸೇರಿಸಿ, ವಿಧಾನ ಬರೆಯೋಣ, ಕಂಪನಿ ಹೆಸರು ಅಂಕಿ ಬೇಡ, ಕಳಿಸೋ ಮುಂಚೆ ಕಂಪನಿ ಓದಿ ಒಪ್ಪಲಿ ಅಂತ ಪ್ರಸ್ತಾಪ ಇಡಿ. ಹೆಚ್ಚಿನ ಕಡೆ ಇದಕ್ಕೆ ಒಪ್ತಾರೆ. ಕೆಲಸ ಮುಗಿಸಿ ಹೊರಡೋವಾಗ ನಿಮ್ಮ ಕೋಡು, ಯಾವ ಕಾಲಮ್ಮಿಗೆ ಏನರ್ಥ ಅನ್ನೋ ಪಟ್ಟಿ, ಎರಡನ್ನೂ ಕಂಪನೀಲಿ ಒಬ್ಬರಿಗೆ ಕೂರಿಸ್ಕೊಂಡು ಹೇಳಿಕೊಟ್ಟು ಬನ್ನಿ, ಅದಕ್ಕೆ ಕೊನೇ ತಿಂಗಳು ಪೂರ್ತಿ ಬೇಕಾಗತ್ತೆ, ಈಗಲೇ ಕ್ಯಾಲೆಂಡರಲ್ಲಿ ಗುರುತು ಹಾಕ್ಕೊಳ್ಳಿ.